ಮನೆ ಮುಂದೆ ಕೂರಲು ಬೆಂಚು, ಕುರ್ಚಿ: ಹಳೇ ಸಾಮಾನಿನಲ್ಲಿ 5 ಸಾವಿರದೊಳಗೆ ಆಗುತ್ತಾ? (ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಹೇಳಿ)

ಅಂತರಗಂಗೆ ತಪ್ಪಲು (ಕೋಲಾರ)

ಎಲ್ಲರಿಗೂ ನಮಸ್ಕಾರ. ಮನೆ ಮುಂದೆ ಒಂದಿಷ್ಟು ಖಾಲಿ ಜಾಗ ಇದೆ, ಒಂದು ಹೊಂಗೆ ಮರ ಇದೆ. ಸಂಜೆಯಾದರೆ ಅತ್ತೆ, ಮಾವ, ಪಕ್ಕದ ಮನೆಯವರು ಎಲ್ಲ ಅಲ್ಲೇ ಸೇರುತ್ತಾರೆ. ಪ್ಲಾಸ್ಟಿಕ್ ಕುರ್ಚಿ ಹೊರಗೆ ಹಾಕುವುದು, ಒಳಗೆ ತರುವುದು, ದಿನಾ ಇದೇ ಆಗಿದೆ. ಹೊರಗೇ ಬಿಟ್ಟರೆ ಬಿಸಿಲಿಗೆ ಪೆಡಸಾಗಿ ಕಾಲು ಪಟ್ ಅಂತ ಮುರಿಯುತ್ತೆ.

ಅಂಗಡಿಯಲ್ಲಿ ಕೇಳಿದೆ. ಹೊರಗಡೆ ಇಡುವ ಸೆಟ್‌ಗೆ ಅವರು ಹೇಳಿದ ರೇಟು ಕೇಳಿ ಸುಮ್ನೆ ಎದ್ದು ಬಂದೆ. ಮೊಬೈಲಿನಲ್ಲಿ ಎಲ್ಲರೂ ಪ್ಯಾಲೆಟ್ (ಫ್ಯಾಕ್ಟರಿ ಸರಕು ಇಡುವ ಮರದ ಹಲಗೆ ಚೌಕಟ್ಟು) ಸೋಫಾ ಮಾಡುವುದನ್ನೇ ತೋರಿಸುತ್ತಾರೆ. ನೋಡಲು ಚೆನ್ನಾಗಿದೆ. ನನ್ನ ಕೈಯಲ್ಲಿ ಇರುವುದು 5 ಸಾವಿರ. ಆರು ಜನ ಕೂರಬೇಕು, ಮಳೆ ಬಿಸಿಲಿನಲ್ಲಿ ಹೊರಗೇ ಇರಬೇಕು. ಪ್ಯಾಲೆಟ್ ಎಲ್ಲಿ ಸಿಗುತ್ತೆ? ಗೆದ್ದಲು ಬರದ ಹಾಗೆ ಏನು ಹಚ್ಚಬೇಕು? ಡ್ರಿಲ್ ಮೆಷಿನ್ ಇದೆ, ಗರಗಸ ಇದೆ, ಸ್ವಲ್ಪ ಧೈರ್ಯ ಇದೆ.

ಮೂರನೇ ಕ್ರಾಸ್ (ಕೋಲಾರ)

ಪ್ಯಾಲೆಟ್‌ಗೆ ಬರವಿಲ್ಲ ಅಕ್ಕ. ನರಸಾಪುರ, ವೇಮಗಲ್, ಮಾಲೂರು ಮೂರು ಕಡೆ ಇಂಡಸ್ಟ್ರಿಯಲ್ ಏರಿಯಾ ಇದೆ. ಫ್ಯಾಕ್ಟರಿಯವರು ಬಿಡಿಬಿಡಿಯಾಗಿ ಕೊಡುವುದಿಲ್ಲ, ಕಾಂಟ್ರಾಕ್ಟ್ ಹಿಡಿದವರು ಲಾರಿಗಟ್ಟಲೆ ಎತ್ತಿಕೊಂಡು ಹೋಗುತ್ತಾರೆ. ಹೈವೇ ಪಕ್ಕದ ಗುಜರಿಗಳಲ್ಲಿ ಕೇಳಿ. ಚೆನ್ನಾಗಿರುವ ಒಂದಕ್ಕೆ 250, 300 ಅಂತಾರೆ. ಮುರಿದದ್ದು ಇನ್ನೂ ಕಡಿಮೆಗೆ ಸಿಗುತ್ತೆ. ಹಲಗೆಗಾಗಿ ತಗೊಳ್ಳುವುದಾದರೆ ಮುರಿದದ್ದೇ ವಾಸಿ.

ಉಳಿ ಸುತ್ತಿಗೆ (ಮುಳಬಾಗಿಲು)

ನಾನು ಮರಗೆಲಸದವನು. ಪ್ಯಾಲೆಟ್ ತರುವ ಮೊದಲು ನೋಡಬೇಕಾದದ್ದು ಹೇಳುತ್ತೇನೆ.

ವಿದೇಶಕ್ಕೆ ಹೋಗುವ, ಅಲ್ಲಿಂದ ಬರುವ ಪ್ಯಾಲೆಟ್‌ಗೆ ಪಕ್ಕದ ದಿಮ್ಮಿಯ ಮೇಲೆ ಸುಟ್ಟ ಮುದ್ರೆ ಇರುತ್ತೆ. ಒಂದು ಗೋಧಿ ತೆನೆ ಚಿತ್ರ, ದೇಶದ ಎರಡಕ್ಷರ, ಆಮೇಲೆ ಎಚ್‌ಟಿ ಅಥವಾ ಎಂಬಿ. ಎಚ್‌ಟಿ ಅಂದರೆ ಮರವನ್ನು ಒಳತಿರುಳಿನ ತನಕ 56 ಡಿಗ್ರಿಗೆ, 30 ನಿಮಿಷ ಬಿಸಿ ಮಾಡಿ ಹುಳ ಸಾಯಿಸಿದ್ದಾರೆ ಅಂತ. ಅದು ಮನೆಗೆ ಆಗುತ್ತೆ. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಕೊಟ್ಟದ್ದು. ಅದನ್ನು ಮುಟ್ಟಬೇಡಿ, ಸೌದೆಗೂ ಬೇಡ. ಮುದ್ರೆಯೇ ಇಲ್ಲದಿದ್ದರೆ ಹೆಚ್ಚಾಗಿ ದೇಶದೊಳಗೇ ಓಡಾಡಿದ್ದು. ಅದರ ಮೇಲೆ ಏನು ಚೆಲ್ಲಿದೆ ಅಂತ ಮೂಸಿ ನೋಡಿ. ಎಣ್ಣೆ ಕಲೆ, ಬಣ್ಣದ ಪುಡಿ, ಔಷಧಿ ವಾಸನೆ ಇದ್ದರೆ ಅಲ್ಲೇ ಬಿಟ್ಟು ಬನ್ನಿ.

ಇನ್ನೊಂದು ವಿಷಯ. ಎಚ್‌ಟಿ ಅಂದರೆ ಗೆದ್ದಲು ಬರುವುದಿಲ್ಲ ಅಂತ ಅಲ್ಲ. ಆವತ್ತು ಇದ್ದ ಹುಳ ಸತ್ತಿದೆ, ಅಷ್ಟೇ. ನಿಮ್ಮ ಕೆಂಪು ಮಣ್ಣಿನ ಮೇಲೆ ಇಟ್ಟ ಮೇಲೆ ಬರುವ ಹೊಸ ಗೆದ್ದಲಿಗೆ ಆ ಮುದ್ರೆ ಓದಲು ಬರುವುದಿಲ್ಲ.

ಮೊಳೆ ಕೀಳುವುದು ಎಲ್ಲಕ್ಕಿಂತ ಬೇಜಾರಿನ ಕೆಲಸ. ಪ್ಯಾಲೆಟ್‌ಗೆ ಹೊಡೆಯುವ ಮೊಳೆಗೆ ಸ್ಕ್ರೂ ತರ ಸುತ್ತು ಇರುತ್ತೆ, ಸುಲಭಕ್ಕೆ ಬರುವುದಿಲ್ಲ. ಹಾರೆ ಹಾಕಿ ಎತ್ತಿದರೆ ಹಲಗೆಯ ತುದಿ ಸೀಳುತ್ತೆ. ಹಲಗೆಗೂ ದಿಮ್ಮಿಗೂ ನಡುವೆ ಹ್ಯಾಕ್ಸಾ ಬ್ಲೇಡ್ ತೂರಿಸಿ ಮೊಳೆಯನ್ನೇ ಕತ್ತರಿಸಿ. ಮೊಳೆಯ ತಲೆ ಹಲಗೆಯಲ್ಲೇ ಉಳಿಯುತ್ತೆ, ಪರವಾಗಿಲ್ಲ. ಆದರೆ ಆ ಹಲಗೆಯನ್ನು ಪ್ಲೇನರ್‌ಗೆ (ಮರ ನಯ ಮಾಡುವ ಮೆಷಿನ್) ಕೊಡುವ ಹಾಗಿಲ್ಲ, ಬ್ಲೇಡ್ ಹಾಳಾಗುತ್ತೆ. ಸ್ಯಾಂಡ್ ಪೇಪರಿನಲ್ಲೇ ಉಜ್ಜಿಕೊಳ್ಳಬೇಕು.

ನಮ್ಮ ಕಡೆ ಮಾಡುವ ಪ್ಯಾಲೆಟ್‌ಗೆ ನೀಲಗಿರಿ ಜಾಸ್ತಿ ಹಾಕುತ್ತಾರೆ. ಗಟ್ಟಿ ಮರವೇ, ಆದರೆ ತಿರುಚಿಕೊಳ್ಳುತ್ತೆ. ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ ಆರಿಸಿ.

ಕೊನೆಯದಾಗಿ ಒಂದು ಪ್ರಶ್ನೆ. ಅಲ್ಲಿ ಕೂರುವವರ ವಯಸ್ಸೆಷ್ಟು?

ಅಂತರಗಂಗೆ ತಪ್ಪಲು

ಮಾವನಿಗೆ ಎಪ್ಪತ್ತೆರಡು. ಮಂಡಿ ನೋವು ಇದೆ. ಯಾಕೆ ಕೇಳಿದಿರಿ ಅಣ್ಣ?

ಉಳಿ ಸುತ್ತಿಗೆ

ಹಾಗಾದರೆ ಮೊಬೈಲಿನಲ್ಲಿ ತೋರಿಸುವ ಸೋಫಾ ಅವರಿಗೆ ಆಗುವುದೇ ಇಲ್ಲಮ್ಮ. ಒಂದು ಪ್ಯಾಲೆಟ್ ದಪ್ಪ ಐದೂವರೆ ಅಂಗುಲದ ಆಸುಪಾಸು. ಎರಡು ಜೋಡಿಸಿದರೆ ಹನ್ನೊಂದು. ಮೇಲೆ ದಿಂಬು ಹಾಕಿದರೂ ಕೂತಾಗ ಕುಗ್ಗಿ ಹನ್ನೆರಡು ಹದಿಮೂರಕ್ಕೆ ನಿಲ್ಲುತ್ತೆ. ಅಷ್ಟು ತಗ್ಗಿನಲ್ಲಿ ಕೂತ ಹಿರಿಯರನ್ನು ಇಬ್ಬರು ಹಿಡಿದು ಎಬ್ಬಿಸಬೇಕು. ಕೂರುವ ಮಟ್ಟ ನೆಲದಿಂದ 17, 18 ಅಂಗುಲ ಇರಲಿ. ಒಳಗಿನ ಆಳ 16ರಿಂದ 18, ಅದಕ್ಕಿಂತ ಜಾಸ್ತಿಯಾದರೆ ಬೆನ್ನು ಒರಗುವುದಿಲ್ಲ. ಎರಡೂ ಪಕ್ಕ ಕೈ ಊರಲು ಹಿಡಿ ಬೇಕೇ ಬೇಕು. ಮಂಡಿ ನೋವಿರುವವರು ಏಳುವುದು ಕೈ ಬಲದಲ್ಲಿ.

ಆ ಸೋಫಾಗಳು ಕಾಫಿ ಅಂಗಡಿಯಲ್ಲಿ ಹುಡುಗರು ಕಾಲು ಚಾಚಿ ಕೂರಲು ಸರಿ.

ಕಲ್ಲುಕೂಚ (ಚಿಕ್ಕಬಳ್ಳಾಪುರ)

ಎಲ್ಲರೂ ಮರದ ಹಿಂದೆ ಯಾಕೆ ಬಿದ್ದಿದ್ದೀರಿ? ಕೋಲಾರ ಚಿಕ್ಕಬಳ್ಳಾಪುರದಲ್ಲಿ ಕೂತುಕೊಂಡು ಹೊರಗಡೆ ಬೆಂಚಿಗೆ ಮರ ಹುಡುಕುವುದು ಅಂದರೆ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಪ್ರತಿ ಊರಿನ ಅರಳಿಕಟ್ಟೆ ನೋಡಿ. ಯಾವ ಪಾಲಿಶ್ ಹಚ್ಚಿದ್ದಾರೆ?

ನಮ್ಮ ಕಡೆ ದ್ರಾಕ್ಷಿ ಚಪ್ಪರಕ್ಕೆಲ್ಲ ಕಲ್ಲುಕೂಚವೇ, ಅಂದರೆ ಕಲ್ಲಿನ ಕಂಬ. ತೋಟ ತೆಗೆದು ಬೇರೆ ಬೆಳೆ ಇಟ್ಟವರ ಬದುವಿನಲ್ಲಿ ಕೂಚಗಳು ರಾಶಿ ಬಿದ್ದಿರುತ್ತವೆ. ಮುರಿದ ತುಂಡನ್ನು ಯಾರೂ ಕೊಳ್ಳುವುದಿಲ್ಲ. ನಿಮಗೆ ಬೇಕಿರುವುದು ಆ ತುಂಡೇ. ಬೆಂಚಿನ ಕಾಲಿಗೆ ಎರಡೂವರೆ ಅಡಿ ಸಾಕಲ್ವಾ? ಮೇಲೆ ಹಾಸಲು ಚಪ್ಪಡಿ. ಹಳೇ ಕಲ್ಲು ಚಪ್ಪಡಿ ಮನೆ ಕೆಡವಿ ಆರ್‌ಸಿಸಿ ಹಾಕುವವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಕೆಡವಿದ ಚಪ್ಪಡಿ ಸಾಗಿಸುವುದೇ ಅವರಿಗೆ ತಲೆನೋವು. ಚರಂಡಿ ಮೇಲೆ ಹಾಕಲು ಕೊಟ್ಟುಬಿಡುತ್ತಾರೆ.

ತೂಕದ ಲೆಕ್ಕ ಮೊದಲೇ ಹಾಕಿಕೊಳ್ಳಿ. ಗ್ರಾನೈಟ್ ಒಂದು ಘನ ಅಡಿಗೆ ಸುಮಾರು 75 ಕೆಜಿ. ಆರು ಅಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕು ಅಂಗುಲ ದಪ್ಪದ ಚಪ್ಪಡಿ ಮೂರು ಘನ ಅಡಿ, ಅಂದರೆ 225 ಕೆಜಿ ಮೇಲೆ. ನಾಲ್ಕೈದು ಜನ, ಎರಡು ಬೊಂಬು, ಹಗ್ಗ ಇಲ್ಲದೆ ಮುಟ್ಟಬೇಡಿ. ಬೆರಳು ಸಿಕ್ಕಿದರೆ ಬೆರಳು ಹೋಯಿತು ಅಂತಲೇ. ಇಳಿಸುವಾಗ ಕೆಳಗೆ ಮರದ ತುಂಡು ಕೊಟ್ಟು ಇಳಿಸಿ, ಆಮೇಲೆ ತುಂಡನ್ನು ಹಾರೆಯಿಂದ ತಳ್ಳಿ ತೆಗೆಯಿರಿ.

ಕೊಳ್ಳುವ ಮೊದಲು ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿ. ಠಣ್ ಅಂದರೆ ಸರಿ. ಎಲ್ಲಾದರೂ ಡಬ್ ಅಂದರೆ ಒಳಗೆ ಬಿರುಕಿದೆ. ಮಳೆ ನಿಂತ ಮೇಲೆ ನೋಡಿದರೂ ಗೊತ್ತಾಗುತ್ತೆ. ಉಳಿದದ್ದೆಲ್ಲ ಒಣಗಿದ ಮೇಲೂ ಬಿರುಕಿನ ಗೆರೆ ಮಾತ್ರ ಹಸಿಯಾಗಿರುತ್ತೆ.

ಕಾಲು ಎಲ್ಲಿ ಕೊಡಬೇಕು ಅನ್ನುವುದರಲ್ಲಿ ತುಂಬಾ ಜನ ಎಡವುತ್ತಾರೆ. ಎರಡು ತುದಿಗೂ ಕೊಟ್ಟರೆ ನಡುವೆ ಭಾರ ಬೀಳುತ್ತೆ. ಕಲ್ಲು ಎಷ್ಟು ಒತ್ತಿದರೂ ತಡೆಯುತ್ತೆ, ಬಗ್ಗಿಸಿದರೆ ಮುರಿಯುತ್ತೆ. ತುದಿಯಿಂದ ಉದ್ದದ ಐದನೇ ಒಂದು ಭಾಗ ಒಳಕ್ಕೆ ಕಾಲು ಬರಲಿ. ಆರು ಅಡಿಗೆ ಒಂದು ಅಡಿ ಮೂರು ಅಂಗುಲ ಅಂದುಕೊಳ್ಳಿ. ಹಾಗಂತ ತುದಿಯಲ್ಲಿ ಇಬ್ಬರು ದಪ್ಪಗಿರುವವರು ಒಟ್ಟಿಗೆ ಕೂತರೆ ಎದ್ದುಬಿಡುತ್ತೇನೋ ಅಂತ ಹೆದರಬೇಕಿಲ್ಲ, ಕಲ್ಲಿನ ತೂಕವೇ ಹಿಡಿದುಕೊಳ್ಳುತ್ತೆ.

ಮೂರನೇ ಕ್ರಾಸ್

ಮೇ ತಿಂಗಳಲ್ಲಿ ಮಧ್ಯಾಹ್ನ ಆ ಚಪ್ಪಡಿ ಮೇಲೆ ಕೂತು ನೋಡಿ ಸಾರ್. ಎದ್ದು ಬಂದು ಇಲ್ಲಿ ಬರೆಯಿರಿ.

ಕಲ್ಲುಕೂಚ

ಹೊಂಗೆ ಮರ ಇದೆ ಅಂದರಲ್ಲ. ಹೊಂಗೆ ನೆರಳು ಅಂದರೆ ಸುಮ್ನೆನಾ?

ವೆಲ್ಡಿಂಗ್ ಕಿಡಿ (ಬಂಗಾರಪೇಟೆ)

ಕಲ್ಲಿಗೆ ಒರಗಲು ಬೆನ್ನು ಎಲ್ಲಿದೆ, ಕೈ ಹಿಡಿ ಎಲ್ಲಿದೆ? ಆ ಅಜ್ಜನಿಗೆ ಎರಡೂ ಬೇಕು ಅಂತ ಮೇಲೆಯೇ ಹೇಳಿದ್ದಾರೆ. ಅದಕ್ಕೆ ಪೈಪ್ ಬೇಕು. ಕೋಲಾರ ಜಿಲ್ಲೆಯಲ್ಲಿ ಪೈಪ್ ಎಲ್ಲಿ ಸಿಗುತ್ತೆ ಅಂತ ಹೇಳಬೇಕಾ? ಫೇಲಾದ ಬೋರ್‌ವೆಲ್‌ನಿಂದ ಎತ್ತಿದ ಎರಡಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಕಾಲಂ ಪೈಪು. ಇಪ್ಪತ್ತು ಅಡಿಯ ಒಂದು ಲೆಂತು ಸುಮಾರು 30 ಕೆಜಿ ತೂಗುತ್ತೆ. ಗುಜರಿಯಲ್ಲಿ ಕೆಜಿ ಲೆಕ್ಕ. ಹೊರಗೆ ತುಕ್ಕು ಹಿಡಿದ ಹಾಗೆ ಕಂಡರೂ ವೈರ್ ಬ್ರಷ್ ಹಾಕಿದರೆ ಒಳಗೆ ಗಟ್ಟಿ ಇರುತ್ತೆ. ಥ್ರೆಡ್ ಇರುವ ತುದಿ ತೆಳುವಾಗಿರುತ್ತೆ, ಅದನ್ನು ಕತ್ತರಿಸಿ ಬಿಸಾಕಿ.

ಒಂದು ಎಚ್ಚರಿಕೆ. ಜಿಐ ಪೈಪಿನ ಮೇಲಿರುವುದು ಸತು. ಅದರ ಮೇಲೆ ನೇರವಾಗಿ ವೆಲ್ಡಿಂಗ್ ಮಾಡಿದರೆ ಬಿಳೀ ಹೊಗೆ ಏಳುತ್ತೆ. ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಕಬ್ಬಿಣದ ರುಚಿ. ಫ್ಲೂ ಅಂತ ಮಾತ್ರೆ ನುಂಗುತ್ತಾರೆ. ಬೆಸುಗೆ ಬೀಳುವ ಜಾಗದ ಸುತ್ತ ಎರಡು ಅಂಗುಲ ಗ್ರೈಂಡರ್‌ನಲ್ಲಿ ಸತು ಉಜ್ಜಿ ತೆಗೆಯಬೇಕು. ಕೆಲಸ ಬಯಲಿನಲ್ಲಿ ಮಾಡಬೇಕು, ಗಾಳಿ ಬೆನ್ನ ಕಡೆಯಿಂದ ಬರಬೇಕು. ವೆಲ್ಡರ್ ಹತ್ತಿರ ಮಾಡಿಸುವವರೂ ಇದನ್ನು ಕೇಳಿ ಮಾಡಿಸಿ. ನಮ್ಮ ಹುಡುಗರು 'ಏನಾಗಲ್ಲ ಬಿಡಿ' ಅಂತ ಮಾಡಿಬಿಡುತ್ತಾರೆ.

ಬಣ್ಣದ ವಿಷಯ. ಜಿಐ ಮೇಲೆ ಮಾಮೂಲಿ ಎನಾಮೆಲ್ ನೇರ ಹೊಡೆದರೆ ಒಂದು ಮಳೆಗಾಲ ಕಳೆಯುವುದರೊಳಗೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ. ಮೊದಲು ಜಿಐಗೆ ಅಂತಲೇ ಬರುವ ಪ್ರೈಮರ್ ಹಾಕಬೇಕು. ಇಲ್ಲದಿದ್ದರೆ ಬಣ್ಣವೇ ಬೇಡ, ಹಾಗೇ ಬಿಡಿ. ಬೆಸುಗೆ ಹಾಕಿದ ಜಾಗಕ್ಕೆ ಮಾತ್ರ ಜಿಂಕ್ ಪೇಂಟ್ ಕೊಡಿ. ಪೈಪಿನ ಮೇಲಿನ ಬಾಯಿ ಮುಚ್ಚಿ, ಕೆಳಗೆ ಒಂದು ಸಣ್ಣ ತೂತು ಬಿಡಿ. ಒಳಗೆ ನೀರು ನಿಂತರೆ ಅಲ್ಲಿಂದಲೇ ತಿನ್ನಲು ಶುರು.

ಮೂರನೇ ಕ್ರಾಸ್

ಕೋಲಾರದಲ್ಲಿ ಯಾವ ಬೆಳೆ ಕೈಕೊಟ್ಟರೂ ಫೇಲಾದ ಬೋರ್‌ವೆಲ್ ಬೆಳೆ ಮಾತ್ರ ಕೈಕೊಡುವುದಿಲ್ಲ.

ಡ್ರಿಪ್‌ಲೈನ್ (ಮಾಲೂರು)

ನಗುವುದು ಸರಿ. ಆದರೆ ಪೈಪ್ ಎತ್ತಿದ ಮೇಲೆ ಆ ಬೋರ್‌ವೆಲ್ ಬಾಯಿ ಏನಾಗುತ್ತೆ? ಯಾರ ಹೊಲದಿಂದ ಪೈಪ್ ತಂದರೂ ಇದೊಂದು ಕೇಳಿ. ಚೀಲ ಕಟ್ಟಿ ಮೇಲೊಂದು ಕಲ್ಲಿಟ್ಟರೆ ಆಗುವುದಿಲ್ಲ. ಬಿಟ್ಟ ಕೊಳವೆಬಾವಿಯನ್ನು ತಳದಿಂದ ನೆಲಮಟ್ಟದ ತನಕ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮಕ್ಕಳು ಓಡಾಡುವ ಜಾಗ.

ಈಗ ನನ್ನ ಐಡಿಯಾ. ಗುಜರಿಯಲ್ಲಿ ಹಳೇ ವೈರ್ ಕುರ್ಚಿ ನೋಡಿರುತ್ತೀರಿ. ಹಿಂದೆ ಎಲ್ಲರ ಮನೆಯಲ್ಲೂ ಇತ್ತು, ಕಬ್ಬಿಣದ ಫ್ರೇಮಿಗೆ ಬಣ್ಣದ ಪ್ಲಾಸ್ಟಿಕ್ ವೈರ್ ಸುತ್ತಿದ್ದು. ವೈರ್ ಹೋಗಿರುತ್ತೆ, ಫ್ರೇಮು ಹಾಗೇ ಇರುತ್ತೆ. ಕೈ ಹಿಡಿ ಇದೆ, ಬೆನ್ನು ಇದೆ, ಎತ್ತರ ಸರಿ ಇದೆ. ವೆಲ್ಡಿಂಗೇ ಬೇಡ. ಒಂದಕ್ಕೆ ನೂರೋ ನೂರೈವತ್ತೋ ಕೊಟ್ಟರೆ ಸಿಗುತ್ತೆ.

ಆ ಫ್ರೇಮಿಗೆ ಹಳೇ ಡ್ರಿಪ್ ಪೈಪ್ ಹೆಣೆಯಿರಿ. ನಮ್ಮ ತೋಟಗಳಲ್ಲಿ ಲ್ಯಾಟರಲ್ (ಗಿಡದ ಸಾಲಿಗೆ ಹಾಸುವ ಡ್ರಿಪ್ ಪೈಪು) ಬದಲಾಯಿಸಿದಾಗ ಸುರುಳಿ ಸುರುಳಿ ಮೂಲೆಗೆ ಬಿದ್ದಿರುತ್ತೆ, ಕೊನೆಗೆ ಬೆಂಕಿ ಇಡುತ್ತಾರೆ. 16 ಎಂಎಂ ಪೈಪು. ಅದು ಕಪ್ಪಗಿರುವುದು ಚೆಂದಕ್ಕಲ್ಲ. ಎರಡರಿಂದ ಮೂರು ಪರ್ಸೆಂಟ್ ಕಾರ್ಬನ್ ಕಪ್ಪು ಸೇರಿಸಿರುತ್ತಾರೆ, ಬಿಸಿಲಿಗೆ ಪ್ಲಾಸ್ಟಿಕ್ ಪುಡಿಯಾಗಬಾರದು ಅಂತ. ಹೊಲದಲ್ಲಿ ವರ್ಷಗಟ್ಟಲೆ ಬಿಸಿಲು ಕುಡಿದು ಬದುಕಿದ ಪೈಪಿಗೆ ನಿಮ್ಮ ಅಂಗಳದ ಬಿಸಿಲು ಯಾವ ಲೆಕ್ಕ? ಅಂಗಡಿಯ ಬಣ್ಣದ ವೈರ್ ಇದರ ಮುಂದೆ ನಿಲ್ಲುವುದಿಲ್ಲ.

ಪೈಪ್ ಆರಿಸುವಾಗ ಒಂದು ವಿಷಯ. ತರಕಾರಿಗೆ ಹಾಕುವ ಇನ್‌ಲೈನ್ ಪೈಪಿನೊಳಗೆ ಒಂದಡಿಗೋ ಒಂದೂವರೆ ಅಡಿಗೋ ನೀರು ಹನಿಸುವ ಗಟ್ಟಿ ಡ್ರಿಪ್ಪರ್ ಇರುತ್ತೆ. ಅದನ್ನು ಹೆಣೆದರೆ ಕೂತವರಿಗೆ ಅಲ್ಲಲ್ಲಿ ಚುಚ್ಚುತ್ತೆ. ಮಾವು, ದ್ರಾಕ್ಷಿ ತೋಟದಲ್ಲಿ ಹೊರಗಿನಿಂದ ಡ್ರಿಪ್ಪರ್ ಚುಚ್ಚಿದ ಸಾದಾ ಪೈಪು ಸಿಗುತ್ತೆ, ಅದು ತನ್ನಿ. ಡ್ರಿಪ್ಪರ್ ಕಿತ್ತರೆ ಸಣ್ಣ ತೂತು ಉಳಿಯುತ್ತೆ. ಹೆಣೆಯುವಾಗ ತೂತು ಕೆಳಮುಖ ಮಾಡಿ. ನೀರು ಒಳಗೆ ನಿಲ್ಲದೆ ಸೋರಿ ಹೋಗಲೂ ಅದು ಒಳ್ಳೆಯದೇ.

ಗೊಬ್ಬರ ಬಿಟ್ಟಿರುವ ಪೈಪು, ಒಳಗೆ ಬಿಳೀ ಉಪ್ಪು ಕಟ್ಟಿರುತ್ತೆ. ಒಂದು ತುದಿಗೆ ನಲ್ಲಿ ಕೊಟ್ಟು ಜೋರಾಗಿ ನೀರು ಬಿಡಿ, ಹೊರಗೆ ಸೋಪು ನೀರಿನಲ್ಲಿ ಒರೆಸಿ.

ಹೆಣೆಯುವುದು ಹೀಗೆ. ಸುರುಳಿಯನ್ನು ಬಿಸಿಲಿಗೆ ಹಾಸಿ ಮೆತ್ತಗಾಗಲು ಬಿಡಿ. ಮೊದಲ ತುದಿಯನ್ನು ಹಿಂದಿನ ಸರಳಿಗೆ ವಾಷರ್ ಹಾಕಿ ಸ್ಕ್ರೂ ಮಾಡಿ. ಅಲ್ಲಿಂದ ಮುಂದಿನ ಸರಳಿಗೆ, ಸುತ್ತಿ ಕೆಳಗಿನಿಂದ ಮತ್ತೆ ಹಿಂದಕ್ಕೆ. ಒಬ್ಬರು ಎಳೆದು ಹಿಡಿಯಬೇಕು, ಇನ್ನೊಬ್ಬರು ಸುತ್ತಬೇಕು. ಎಳೆದಾಗ ಪೈಪು ಚಪ್ಪಟೆಯಾಗಿ ಒಂದು ಅಂಗುಲದಷ್ಟು ಅಗಲ ಆಗುತ್ತೆ, ಸರಳಿನ ತಿರುವಿನಲ್ಲಿ ಮಡಚಿಕೊಳ್ಳುತ್ತೆ. ಅದು ಹಾಗೇ ಇರಬೇಕು. ಉದ್ದದ ಸಾಲು ಮುಗಿದ ಮೇಲೆ ಅಡ್ಡ ಸಾಲು. ಒಂದರ ಮೇಲೆ, ಒಂದರ ಕೆಳಗೆ, ಚಾಪೆ ಹೆಣೆದ ಹಾಗೆ. ಅಡ್ಡ ಸಾಲು ಕೊನೆಗೆ ಬಂದಾಗ ಕೈ ತೂರುವುದಿಲ್ಲ. ಆಗ ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಚೂಪಾಗಿ ಕತ್ತರಿಸಿ ತೂರಿಸಿ. ಪೈಪ್ ಸಾಲದೆ ಬಂದರೆ ಡ್ರಿಪ್ ಜಾಯಿನರ್ ಇದ್ದೇ ಇದೆ, ಸೀಟಿನ ಕೆಳಭಾಗದಲ್ಲಿ ಬರುವ ಹಾಗೆ ಜೋಡಿಸಿ. ಹದಿನೆಂಟು ಅಂಗುಲದ ಸೀಟಿಗೆ 35ರಿಂದ 40 ಮೀಟರ್ ಹಿಡಿಯುತ್ತೆ, ಬೆನ್ನಿಗೆ ಬೇರೆ.

ಹೊಸದರಲ್ಲಿ ಸ್ವಲ್ಪ ಜೋತು ಬೀಳುತ್ತೆ. ಅದಕ್ಕೇ ಕೊನೆಯ ತುದಿಯನ್ನು ಪೂರ್ತಿ ಕತ್ತರಿಸದೆ ಅರ್ಧ ಅಡಿ ಉಳಿಸಿ ಸ್ಕ್ರೂ ಹಾಕಿ. ಒಂದಿಷ್ಟು ದಿನ ಕೂತ ಮೇಲೆ ಸ್ಕ್ರೂ ಬಿಚ್ಚಿ, ಸಾಲು ಸಾಲಾಗಿ ಎಳೆದು ಬಿಗಿ ಮಾಡಿ.

ಅಂತರಗಂಗೆ ತಪ್ಪಲು

ಡ್ರಿಪ್‌ಲೈನ್ ಅಣ್ಣ, ಇದು ಇಷ್ಟ ಆಯಿತು. ನಮ್ಮ ತವರಿನಲ್ಲೇ ಮಾವಿನ ತೋಟ ಇದೆ, ಶ್ರೀನಿವಾಸಪುರದ ಹತ್ತಿರ. ಪೈಪ್ ಕೇಳಿದರೆ ಅಪ್ಪ ಟೆಂಪೋ ತುಂಬಾ ಕಳಿಸಿಬಿಡುತ್ತಾರೆ.

ಮರ ಪೂರ್ತಿ ಬಿಡಬೇಕಾ ಹಾಗಾದರೆ? ತವರಿನಲ್ಲಿ ಹಳೇ ಮನೆ ಕೆಡವಿದ್ದಾರೆ. ಮುಂಬಾಗಿಲು, ವಾಸ್ಕಾಲು, ಜಂತೆ, ಎರಡು ಕಂಬ ಕೊಟ್ಟಿಗೆಯಲ್ಲಿದೆ. ಆ ಬಾಗಿಲನ್ನು ಟೇಬಲ್ ಮಾಡಿಕೊಳ್ಳೋಣ ಅಂತ ಆಸೆ.

ರೇಷ್ಮೆ ಗೂಡು (ಶಿಡ್ಲಘಟ್ಟ)

ಮುಂಬಾಗಿಲು ಬೇಡ ಕಣಮ್ಮ. ನಮ್ಮಜ್ಜಿ ಇದ್ದಿದ್ದರೆ ಬೈಯುತ್ತಿದ್ದರು. ಅರಿಶಿನ ಕುಂಕುಮ ಇಟ್ಟು, ತೋರಣ ಕಟ್ಟಿ, ಲಕ್ಷ್ಮಿ ಒಳಗೆ ಬರಲಿ ಅಂತ ಪೂಜೆ ಮಾಡಿದ ಬಾಗಿಲು. ಅದರ ಮೇಲೆ ಎಂಜಲು ಲೋಟ ಇಡುವುದು, ಯಾರಾದರೂ ಕಾಲು ಚಾಚುವುದು... ಹೊಸಿಲು ಕೂಡ ಅಷ್ಟೇ, ಅದನ್ನು ಕೂರುವ ಹಲಗೆ ಮಾಡಬೇಡಿ.

ಮೂರನೇ ಕ್ರಾಸ್

ಮರ ಮರವೇ. ಬೆಂಗಳೂರಿನಲ್ಲಿ ಅದೇ ಬಾಗಿಲನ್ನು ಟೇಬಲ್ ಮಾಡಿ ಸಾವಿರಾರು ರೂಪಾಯಿಗೆ ಮಾರುತ್ತಾರೆ.

ರೇಷ್ಮೆ ಗೂಡು

ಮಾರಲಿ. ಇವರ ಮನೆಗೆ ಸಂಜೆ ಬಂದು ಕೂರುವುದು ಅತ್ತೆ, ಮಾವ, ಪಕ್ಕದ ಮನೆಯವರು. ಅವರು ಆ ಟೇಬಲ್ ಹತ್ತಿರ ಸಲೀಸಾಗಿ ಕೂರಬೇಕೋ ಬೇಡವೋ?

ಉಳಿ ಸುತ್ತಿಗೆ

ಜಗಳ ಬೇಡ. ಹಿತ್ತಿಲ ಬಾಗಿಲು, ಕೋಣೆ ಬಾಗಿಲು ಇದ್ದೇ ಇರುತ್ತಲ್ಲ, ಅದಕ್ಕೆ ಯಾರ ತಕರಾರೂ ಇಲ್ಲ. ಮುಂಬಾಗಿಲನ್ನು ಇನ್ನೊಂದು ಮನೆಗೆ ಬಾಗಿಲಾಗಿಯೇ ಹಾಕಿ. ಜಂತೆಯಂತೂ ಚಿನ್ನ. ಹಳೇ ಮನೆಯ ಜಂತೆ ಅಂದರೆ ಹೊನ್ನೆಯೋ ಬೇವೋ ಹಲಸೋ ಇರುತ್ತೆ, ಇಷ್ಟು ವರ್ಷ ಒಣಗಿ ಬಗ್ಗುವುದು ತಿರುಚುವುದು ಎಲ್ಲ ಮುಗಿದಿರುತ್ತೆ. ಒಂದು ತುದಿ ಕತ್ತರಿಸಿ ನೋಡಿ. ಹಳದಿ ಪುಡಿ ಉದುರಿದರೆ ಕುಟ್ಟೆ ಹುಳ ಹಿಡಿದಿದೆ, ಬೇಡ. ಚಪ್ಪಡಿ ಬೆಂಚಿಗೆ ಬೆನ್ನು ಕೊಡುವುದಾದರೆ ಈ ಜಂತೆಯನ್ನು ಪೈಪ್ ಕಂಬಕ್ಕೆ ಬೋಲ್ಟ್ ಮಾಡಿ. ಮಣ್ಣು ಮುಟ್ಟುವುದಿಲ್ಲ, ನೀರು ನಿಲ್ಲುವುದಿಲ್ಲ, ಹತ್ತು ವರ್ಷ ಆ ಕಡೆ ತಿರುಗಿ ನೋಡಬೇಕಿಲ್ಲ.

ಹಳೇ ಬಾಗಿಲಿನ ಬಣ್ಣ ಉಜ್ಜುವಾಗ ಹುಷಾರು. ಹಿಂದಿನ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಒಣದಾಗಿ ಉಜ್ಜಿ ಧೂಳು ಎಬ್ಬಿಸಬೇಡಿ. ನೀರು ಹಚ್ಚಿ ವಾಟರ್ ಪೇಪರ್‌ನಲ್ಲಿ ಉಜ್ಜಿ, ಮೂಗಿಗೆ ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಕಳಿಸಿ. ಕೆಳಗೆ ಪ್ಲಾಸ್ಟಿಕ್ ಹಾಸಿ ಆ ರಾಡಿಯನ್ನು ಪೂರ್ತಿ ಬಳಿದು ತೆಗೆಯಿರಿ.

ಎತ್ತಿನಗಾಡಿ (ಚಿಂತಾಮಣಿ)

ಗೆದ್ದಲಿಗೆ ಇಷ್ಟೆಲ್ಲ ಯಾಕೆ? ಗ್ಯಾರೇಜಿನಿಂದ ಸುಟ್ಟ ಎಂಜಿನ್ ಆಯಿಲ್ ತಂದು ಬಳಿಯಿರಿ. ಫ್ರೀ. ನಮ್ಮ ಬೇಲಿ ಗೂಟಕ್ಕೆಲ್ಲ ಅದೇ.

ಉಳಿ ಸುತ್ತಿಗೆ

ಬೇಲಿ ಗೂಟದ ಮೇಲೆ ಯಾರಾದರೂ ಪಂಚೆ ಉಟ್ಟು ಕೂರುತ್ತಾರಾ ಯಜಮಾನರೇ? ಕಲೆ ಹೋಗುವುದಿಲ್ಲ, ವಾಸನೆ ಹೋಗುವುದಿಲ್ಲ. ಸುಟ್ಟ ಆಯಿಲ್ ದಿನಾ ಚರ್ಮಕ್ಕೆ ತಾಗುವುದು ಕ್ಯಾನ್ಸರ್‌ಗೆ ದಾರಿ. ಗೇರು ಎಣ್ಣೆ ಇನ್ನೂ ಬೇಡ, ಗೆದ್ದಲು ಸುಳಿಯುವುದಿಲ್ಲ ನಿಜ, ಆದರೆ ಹಸಿಯಲ್ಲಿ ತಾಗಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತೆ.

ಕೂರುವ ಮರಕ್ಕೆ ಅಗಸೆ ಎಣ್ಣೆ. ಪೇಂಟ್ ಅಂಗಡಿಯಲ್ಲಿ ಡಬಲ್ ಬಾಯಿಲ್ಡ್ ಅಂತ ಕೇಳಿ, ಬೇಗ ಒಣಗುತ್ತೆ. ತೆಳುವಾಗಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿ ತೆಗೆಯಿರಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದುಡಿ ಮೂಲೆಗೆ ಬಿಸಾಕಬೇಡಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತೆ, ಮುದ್ದೆಯಾಗಿದ್ದರೆ ಯಾರೂ ಕಡ್ಡಿ ಗೀರದೆ ತಾನೇ ಹೊತ್ತಿಕೊಳ್ಳುತ್ತೆ. ನೀರಿನಲ್ಲಿ ನೆನೆಸಿ, ಇಲ್ಲವೇ ತಂತಿ ಮೇಲೆ ಬಿಡಿಸಿ ಒಣಹಾಕಿ.

ಗೆದ್ದಲಿಗೆ ಎಣ್ಣೆಗಿಂತ ದೊಡ್ಡ ಮದ್ದು ಅಂದರೆ ಮರ ಮಣ್ಣು ಮುಟ್ಟಬಾರದು. ಪ್ರತಿ ಕಾಲಿನ ಕೆಳಗೆ ಒಂದು ಕಲ್ಲು. ನಾಲ್ಕು ಅಂಗುಲ ಎತ್ತರಿಸಿ ಸಾಕು. ಗೆದ್ದಲು ಕಲ್ಲಿನ ಮೇಲೂ ಮಣ್ಣಿನ ಕೊಳವೆ ಕಟ್ಟಿಕೊಂಡು ಹತ್ತುತ್ತೆ, ಆದರೆ ಅದು ಕಣ್ಣಿಗೆ ಕಾಣುತ್ತೆ. ಕಸ ಗುಡಿಸುವಾಗ ಪೊರಕೆಯಲ್ಲೇ ಕೆಡವಬಹುದು.

ತೆಂಗಿನ ಗರಿ (ತಿಪಟೂರು)

ತುಮಕೂರು ಕಡೆಯವರೂ ಓದುತ್ತಿದ್ದೇವೆ. ನಮ್ಮಲ್ಲಿ ಸುಳಿ ಒಣಗಿದ, ಕಾಯಿ ಬಿಡದ ಮುದಿ ತೆಂಗಿನ ಮರಕ್ಕೆ ಬೆಲೆಯೇ ಇಲ್ಲ. ಅದರಲ್ಲಿ ಬೆಂಚು ಮಾಡುವವರಿಗೆ ಒಂದೇ ಮಾತು. ಹೊನ್ನೆ, ಬೇವಿನಲ್ಲಿ ನಡುವಿನ ಭಾಗ ಗಟ್ಟಿ. ತೆಂಗಿನಲ್ಲಿ ಉಲ್ಟಾ. ಹೊರಗಿನ ಸುತ್ತು ಗಟ್ಟಿ, ನಡುವೆ ಬೆಂಡು. ಐವತ್ತು ಅರವತ್ತು ವರ್ಷ ದಾಟಿದ ಮರದ ಬುಡದ ಕಡೆ ಹೊರಸುತ್ತಿನ ಹಲಗೆ ಮಾತ್ರ ಆರಿಸಿ. ಗರಗಸದ ಹಲ್ಲು ಬೇಗ ಮೊಂಡಾಗುತ್ತೆ ಅಂತ ಮಿಲ್‌ನವರು ಗೊಣಗುತ್ತಾರೆ, ನಿಜವೇ. ಅಡ್ಡ ಕತ್ತರಿಸಿದ ತುಂಡನ್ನು ಸ್ಟೂಲು ಅಂತ ಮಣ್ಣ ಮೇಲೆ ಇಟ್ಟರೆ ನಡುವಿನ ಬೆಂಡು ನೀರು ಕುಡಿದು ಬೇಗ ಕೊಳೆಯುತ್ತೆ.

ರೇಷ್ಮೆ ಗೂಡು

ನಮ್ಮ ಕಡೆಯದು ಒಂದು ಹೇಳುತ್ತೇನೆ. ರೇಷ್ಮೆ ಹುಳ ಗೂಡು ಕಟ್ಟಲು ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ, ಮೊದಲು ಅದೇ ಕೆಲಸಕ್ಕಿದ್ದ ಬಿದಿರಿನ ತಟ್ಟಿ, ಅಂದರೆ ಚಂದ್ರಿಕೆ, ಎಷ್ಟೋ ಮನೆಯಲ್ಲಿ ಅಟ್ಟದ ಮೇಲೆ ಬಿದ್ದಿದೆ. ಆರು ಅಡಿಗೆ ನಾಲ್ಕು ಅಡಿ. ಕೂರಲು ಆಗುವುದಿಲ್ಲ, ಆದರೆ ಬೆಂಚಿನ ಹಿಂದೆ ಪಡುವಣ ಬಿಸಿಲಿಗೆ ಮರೆಯಾಗಿ ನಿಲ್ಲಿಸಿದರೆ ನೆರಳು ಎಷ್ಟು ಚೆಂದ ಬೀಳುತ್ತೆ ಗೊತ್ತಾ? ಗೂಡು ಕಟ್ಟಲು ಹಾಕಿದ ಸುರುಳಿ ಪಟ್ಟಿ ಇರುತ್ತಲ್ಲ, ಅದರ ನೆರಳು ನೆಲದ ಮೇಲೆ ಸುತ್ತು ಸುತ್ತಾಗಿ ಬರುತ್ತೆ. ಸೋಂಕು ನಿವಾರಕ ಸಿಂಪಡಿಸಿರುತ್ತಾರೆ, ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿ ಬಳಸಿ.

ಎತ್ತಿನಗಾಡಿ

ಟೈರ್ ಬಗ್ಗೆ ಯಾರೂ ಹೇಳಲಿಲ್ಲ? ಲಾರಿ ಟೈರಿಗೆ ಹಗ್ಗ ಸುತ್ತಿ ಸ್ಟೂಲು ಮಾಡುತ್ತಾರಲ್ಲ.

ಡ್ರಿಪ್‌ಲೈನ್

ಮಾಡಬಹುದು. ಆದರೆ ಟೈರಿನೊಳಗೆ ಎರಡು ಲೋಟ ನೀರು ನಿಂತರೂ ಸಾಕು, ಡೆಂಗಿ ಸೊಳ್ಳೆ ಅಲ್ಲೇ ಸಂಸಾರ ಹೂಡುತ್ತೆ. ಅದರ ಮೊಟ್ಟೆ ಒಣಗಿದ ಟೈರಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಇದ್ದು ಮುಂದಿನ ಮಳೆಗೆ ಒಡೆಯುತ್ತೆ. ಹಳೇ ಟೈರ್ ತಂದರೆ ಒಳಗೆ ಬ್ರಷ್ ಹಾಕಿ ಉಜ್ಜಿ, ಕೆಳಭಾಗಕ್ಕೆ ದೊಡ್ಡ ತೂತು ಕೊರೆಯಿರಿ.

ಅದೇ ತರ ಟೊಮೆಟೊ ಕ್ರೇಟ್. ಕೋಲಾರ ಮಾರ್ಕೆಟ್ ಸುತ್ತ ಮುರಿದ ಕ್ರೇಟ್ ಸಿಗುತ್ತೆ, ಮಗುಚಿ ಹಾಕಿದರೆ ಸ್ಟೂಲು. ಆದರೆ ಕ್ರೇಟ್ ಮೇಲೆ ಮಾರ್ಕೆಟ್ಟಿನ ಮಂಡಿ ಅಂಗಡಿಯ ಹೆಸರು ಇರುತ್ತೆ. ಚೆನ್ನಾಗಿರುವುದನ್ನು ಕೇಳದೆ ಎತ್ತಿಕೊಂಡು ಬಂದರೆ ಅದು ಕಳ್ಳತನ, ಗುಜರಿ ಅಲ್ಲ.

ವೆಲ್ಡಿಂಗ್ ಕಿಡಿ

ಇನ್ನೊಂದು ಮರೆತಿದ್ದೆ. ಹಳೇ ಸಿಮೆಂಟ್ ಶೀಟ್ ಇದೆ ಅಂತ ಯಾರಾದರೂ ಟೇಬಲ್ ಮೇಲ್ಭಾಗಕ್ಕೆ ಕತ್ತರಿಸಲು ಹೋಗಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರುತ್ತೆ. ಗ್ರೈಂಡರ್ ಇಟ್ಟರೆ ಏಳುವ ಧೂಳು ಎದೆಯಲ್ಲಿ ಉಳಿದುಬಿಡುತ್ತೆ, ಅದಕ್ಕೆ ಔಷಧಿ ಇಲ್ಲ. ನಮ್ಮ ಶಾಪಿಗೆ ತಂದರೆ ವಾಪಸ್ ಕಳಿಸುತ್ತೇನೆ.

ಅಂತರಗಂಗೆ ತಪ್ಪಲು

ಎಲ್ಲ ಓದಿ ಮನೆಯಲ್ಲಿ ಮಾತಾಡಿದೆವು. ಪ್ಯಾಲೆಟ್ ಬಿಟ್ಟೆವು. ಒಂದು ಚಪ್ಪಡಿ ಬೆಂಚು, ಹಿಂದೆ ಪೈಪ್ ಕಂಬಕ್ಕೆ ಜಂತೆಯ ಬೆನ್ನು. ಮಾವನಿಗೂ ಅತ್ತೆಗೂ ಡ್ರಿಪ್ ಪೈಪ್ ಹೆಣೆದ ಎರಡು ಕುರ್ಚಿ. ಹಿತ್ತಿಲ ಬಾಗಿಲು ಕುಳ್ಳಗಿದೆ, ಅದೇ ಟೇಬಲ್ ಆಗಲಿ. ಕಲ್ಲು ಊರಿನಲ್ಲಿ ಪುಕ್ಕಟೆ ಸಿಗುತ್ತೆ, ಟ್ರ್ಯಾಕ್ಟರ್ ಬಾಡಿಗೆ ಮತ್ತು ಆಳು ಕೂಲಿ 2,200 ಕೇಳಿದ್ದಾರೆ. ಪೈಪ್ ಮತ್ತು ವೆಲ್ಡಿಂಗ್ 1,400. ಎರಡು ಫ್ರೇಮಿಗೆ 300. ಎಣ್ಣೆ, ಬೋಲ್ಟು, ಸ್ಕ್ರೂ, ಪೇಪರ್ ಎಲ್ಲ ಸೇರಿ 700 ಇಟ್ಟುಕೊಂಡಿದ್ದೇನೆ. ಉಳಿದದ್ದು ಚಪ್ಪಡಿ ಇಳಿಸುವವರ ಊಟಕ್ಕೆ.

ಕಲ್ಲುಕೂಚ ಅಣ್ಣ, ಕಾಲಿಗೆ ಗುಂಡಿ ತೋಡಿ ಸಿಮೆಂಟ್ ಹಾಕಬೇಕಾ?

ಕಲ್ಲುಕೂಚ

ಸಿಮೆಂಟ್ ಯಾಕೆ ದಂಡ? ಕೂಚದ ತುಂಡು ಎರಡೂವರೆ ಅಡಿ ಇರುವುದು ನೋಡಿ ತನ್ನಿ. ಒಂದು ಕಡೆಗೆ ಎರಡು ತುಂಡು, ಒಟ್ಟು ನಾಲ್ಕು. ಒಂದೂಕಾಲು ಅಡಿ ಒಳಗೆ, ಒಂದೂಕಾಲು ಅಡಿ ಹೊರಗೆ. ಮೇಲೆ ನಾಲ್ಕಂಗುಲ ಚಪ್ಪಡಿ ಬಂದರೆ 19 ಆಯಿತು, ತುಂಡನ್ನು ಒಂದು ಅಂಗುಲ ಇನ್ನೂ ಇಳಿಸಿ. ಗುಂಡಿಗೆ ಜಲ್ಲಿ ಮತ್ತು ಮಣ್ಣು ಹಂತ ಹಂತವಾಗಿ ಹಾಕಿ, ನೀರು ಹೊಯ್ದು ಹಾರೆ ಹಿಂಭಾಗದಲ್ಲಿ ದಮ್ಮಸ್ಸು ಮಾಡಿ. ಹೊಂಗೆ ಬೇರು ಸಿಕ್ಕರೆ ಕಡಿಯಬೇಡಿ, ಗುಂಡಿ ಪಕ್ಕಕ್ಕೆ ಸರಿಸಿ. ಚಪ್ಪಡಿ ಮುಂದಕ್ಕೆ ಕಾಲಂಗುಲ ಇಳಿಜಾರು ಇದ್ದರೆ ಮಳೆ ನೀರು ನಿಲ್ಲುವುದಿಲ್ಲ. ಮುಂದಿನ ಅಂಚನ್ನು ಉಳಿಯಿಂದ ಸ್ವಲ್ಪ ಗುಂಡಗೆ ಮಾಡಿಸಿ, ಇಲ್ಲದಿದ್ದರೆ ತೊಡೆ ಕೆಳಗೆ ಒತ್ತುತ್ತೆ. ಕಲ್ಲು ಕುಟಿಗರಿಗೆ ಅರ್ಧ ದಿನದ ಕೆಲಸವೂ ಅಲ್ಲ.

ವೆಲ್ಡಿಂಗ್ ಕಿಡಿ

ಬೆನ್ನಿನ ಪೈಪ್ ಕಂಬವನ್ನು ಚಪ್ಪಡಿಗೆ ತೂತು ಮಾಡಿ ಕೂರಿಸಬೇಡಿ, ತೂತಿನ ಹತ್ತಿರವೇ ಬಿರುಕು ಬಿಡುತ್ತೆ. ಹಿಂದೆ ಬೇರೆಯೇ ನೆಡಿ. ಸ್ವಲ್ಪ ಹಿಂದಕ್ಕೆ ವಾಲಿರಲಿ. ಪೈಪಿನ ನೆಲದೊಳಗಿನ ಭಾಗಕ್ಕೆ ಟಾರು ಬಳಿಯಿರಿ.

ಮೂರನೇ ಕ್ರಾಸ್

ಡ್ರಿಪ್ ಕುರ್ಚಿ ನಾನೂ ಮಾಡೋಣ ಅಂತಿದ್ದೇನೆ. ಕಪ್ಪು ಬಣ್ಣ ಮನೆಯವರಿಗೆ ಇಷ್ಟ ಇಲ್ಲ. ನೀಲಿ ಪೇಂಟ್ ಹೊಡೆಯಬಹುದಾ?

ಡ್ರಿಪ್‌ಲೈನ್

ಆ ಪ್ಲಾಸ್ಟಿಕ್ ಮೇಲೆ ಯಾವ ಪೇಂಟೂ ನಿಲ್ಲುವುದಿಲ್ಲ ಸಾರ್. ಕೂತವರ ಪ್ಯಾಂಟಿಗೆ ಬರುತ್ತೆ. ಬಣ್ಣ ಬೇಕೇ ಬೇಕು ಅಂದರೆ ಫ್ರೇಮಿಗೆ ನೀಲಿ ಹೊಡೆಯಿರಿ. ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಕೊಟ್ಟು, ಆಮೇಲೆ ಎನಾಮೆಲ್. ಹೆಣೆಯುವ ಮೊದಲೇ ಹೊಡೆದು ಪೂರ್ತಿ ಒಣಗಲು ಬಿಡಿ. ಹೆಣೆದ ಮೇಲೆ ಒಳಗೆ ಬ್ರಷ್ ಹೋಗುವುದಿಲ್ಲ.